ಏಳನೇ ಸ್ಪ್ಯಾನರ್

ಹಡರ್ಸ್‌ಫೀಲ್ಡಿನ ಇಳಿಜಾರು ಬೀದಿಯಲ್ಲಿ
ಗ್ಲೆನಿಸ್ ಹಾರ್ಟ್ಲಿಯ ಬಿಳಿ ವ್ಯಾನು
ಚಕ್ರಕ್ಕೊಂದು ಇಟ್ಟಿಗೆ ಕೊಟ್ಟು ನಿಂತಿದೆ.
ಹ್ಯಾಂಡ್‌ಬ್ರೇಕನ್ನು ಆಕೆ ನಂಬುವುದಿಲ್ಲ;
ಕಳೆದ ಮಾರ್ಚಿನಿಂದ ತನ್ನ ಎಡಗೈಯನ್ನೂ.

ಲಕ್ವ ಹೊಡೆದದ್ದು ಯಾರದೋ ಬಾಯ್ಲರಿನ ಮುಂದೆ.
ಅರ್ಧ ಬಿಗಿದ ನಟ್ಟು ಹಾಗೇ ಬಿಟ್ಟು ಬಂದೆನಲ್ಲ
ಎಂಬುದೇ ಆಸ್ಪತ್ರೆಯಲ್ಲಿ ಮೊದಲ ಚಿಂತೆ.
ಮುಷ್ಟಿ ಈಗ ಮುಚ್ಚುವುದಿಲ್ಲ. ಮೇಜಿನ ಮೇಲಿಟ್ಟರೆ
ಯಾರೋ ಮರೆತುಹೋದ ಕೈಗವಸಿನ ಹಾಗೆ.

ನಾನು ಟೂಲ್ ರೂಮಿನವಳು.
ಅಪ್ಪ ಹರಿಹರದಲ್ಲಿ ಲೇತು ತಿರುಗಿಸಿದವರು;
ನೂಲಿನ ಲೆಕ್ಕ, ಅರದ ಹದ ಅವರಿಂದ ಬಂತು,
ಗಾದೆಗಳು ಅವ್ವನಿಂದ.
ಒಂದು ಕೈಯಲ್ಲಿ ಚಪ್ಪಾಳೆಯಾಗದು ಅನ್ನುತ್ತಿದ್ದಳು,
ಅದೂ ಜಗಳದಲ್ಲಿ ನನ್ನ ಪಾಲೂ ಇದೆ ಎಂದು ತೋರಿಸಲು.
ಗ್ಲೆನಿಸ್‌ಗೆ ಅದನ್ನು ಹೇಳಲಿಲ್ಲ.

ಸಿಂಕಿನ ಕೆಳಗಿನ ಕತ್ತಲೆ ಗೊತ್ತೆ ನಿಮಗೆ?
ಅಂಗಾತ ಮಲಗಬೇಕು, ಕಣ್ಣಿಗೆ ತುಕ್ಕು ಉದುರುತ್ತದೆ.
ಕಿವಿಯ ಪಕ್ಕ ಬ್ಲೀಚಿನ ಬಾಟಲಿ, ಒಣಗಿದ ಸ್ಪಂಜು, ಇಲಿಯ ಹಿಕ್ಕೆ.
ನಟ್ಟು ಇರುವುದು ಗೋಡೆಗೂ ಬೋಗುಣಿಗೂ ನಡುವೆ,
ಮೂರು ಬೆರಳ ಸಂದಿಯಲ್ಲಿ.
ಒಂದು ಕೈ ಸ್ಪ್ಯಾನರಿನ ಬಾಯಿ ಕೂರಿಸಬೇಕು,
ಇನ್ನೊಂದು ಹಿಡಿ ತಿರುಗಿಸಬೇಕು.
ಕಾಲು ತಿರುವು, ತೆಗೆ, ಮತ್ತೆ ಕೂರಿಸು,
ಕಾಲು ತಿರುವು.

ರ‍್ಯಾಚೆಟ್ ಹಾಕಿದರಾಯಿತು ಅಂದುಕೊಂಡೆ.
ಆದರೆ ಪೈಪು ನಟ್ಟಿನೊಳಗೆ ಹಾದುಹೋಗಿದೆಯಲ್ಲ,
ಎತ್ತಿನ ಮೂಗಲ್ಲಿ ಮೂಗುದಾರದ ಹಾಗೆ;
ಮುಚ್ಚಿದ ಬಳೆ ಹೇಗೆ ತೊಡಿಸಲಿ?
ಚಕ್ರದ ಬಾಯಿ ತೆರೆದೇ ಇರಬೇಕು.
ಬಾಯಿ ತೆರೆದ ಚಕ್ರಕ್ಕೆ ಹಲ್ಲು ಕಡಿಮೆ:
ಕೊಕ್ಕೆಯ ಎದುರು ಆ ಬಯಲು ಬಂದಾಗ
ಕಚ್ಚಲು ಏನೂ ಸಿಗದೆ ಹಿಡಿ ಸುಮ್ಮನೆ ತಿರುಗುತ್ತದೆ,
ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಮೊದಲನೆಯದರ ಸ್ಪ್ರಿಂಗು ಹಾರಿ ಚಹಾದಲ್ಲಿ ಬಿತ್ತು.
ಮೂರನೆಯದು ಕಚ್ಚಿದ್ದು ಬಿಡಲೇ ಇಲ್ಲ;
ಈಗಲೂ ನಮ್ಮ ಬಚ್ಚಲ ಪೈಪಿಗೆ ಜೋತುಬಿದ್ದಿದೆ,
ಟವೆಲು ಹಾಕಲು ಅನುಕೂಲ.
ಐದನೆಯದರ ಬಗ್ಗೆ ಗ್ಲೆನಿಸ್ ಅಂದದ್ದು
ಇಲ್ಲಿ ಬರೆಯುವಂಥದ್ದಲ್ಲ.
ಆರನೆಯದೂ ಕೈಕೊಟ್ಟ ರಾತ್ರಿ
ಅರದ ಪುಡಿ ಊದುತ್ತ ಕೂತಿದ್ದಾಗ ಹೊಳೆಯಿತು:
ಕೊಕ್ಕೆ ಎರಡಿರಲಿ.
ಒಂದರ ಮುಂದೆ ಬಯಲು ಬಂದಾಗ
ಇನ್ನೊಂದು ಹಲ್ಲಿನ ಮೇಲಿರಲಿ.
ಇಷ್ಟೇ. ಇಷ್ಟಕ್ಕೆ ಹತ್ತು ತಿಂಗಳು.

ನಿನ್ನೆ, ಮಿಸೆಸ್ ಓಲ್ಡ್‌ರಾಯ್ಡ್‌ರ ಅಡುಗೆಮನೆ.
ಮೂರು ವಾರದಿಂದ ತೊಟ್ಟಿಕ್ಕುವ ನಲ್ಲಿ,
ಕೆಳಗೆ ತುಂಬಿದ ಪುಡಿಂಗ್ ಬಟ್ಟಲು.
ಟಾರ್ಚ್ ಹಿಡಿಯಲು ಬಗ್ಗಿದೆ.
"ಆಚೆ ಹೋಗು" ಅಂದಳು ಗ್ಲೆನಿಸ್.
ಟಾರ್ಚನ್ನು ಹಲ್ಲಲ್ಲಿ ಕಚ್ಚಿ
ಹೆಗಲನ್ನು ಕಪಾಟಿನೊಳಗೆ ತುರುಕಿದಳು.
ಹೊರಗೆ ಉಳಿದದ್ದು ಎರಡು ಬೂಟು, ಮತ್ತೆ ಆ ಎಡಗೈ,
ಚೌಕುಳಿ ನೆಲದ ಮೇಲೆ, ಅಂಗೈ ಮೇಲಾಗಿ.

ಮೊದಲು ಏನೂ ಇಲ್ಲ.
ಸುಣ್ಣ ಕಟ್ಟಿದ ನಟ್ಟು ಒಮ್ಮೆ ಕಿರ್ರೆಂದಿತು.
ಆಮೇಲೆ
ಕಟ್.
ಕಟ್ ಕಟ್ ಕಟ್ ಕಟ್.
ಅವ್ವಾ, ಕೇಳಿಸಿತೆ?

ಕಪಾಟಿನೊಳಗಿಂದ, ಟಾರ್ಚ್ ಕಚ್ಚಿದ ಬಾಯಿ
ಊಂ ಊಂ ಎಂದಿತು.
ಹೊಗಳಿಕೆಯಿರಬೇಕೆಂದು ಮೊಣಕಾಲೂರಿ ಕಿವಿಗೊಟ್ಟೆ.
ಟಾರ್ಚನ್ನು ಎದೆಯ ಮೇಲೆ ಉಗುಳಿ
"ಹಿಡಿ ಉದ್ದವಾಯ್ತು ಕಣೇ, ಹಿಂದಿನ ಗೋಡೆಗೆ ತಾಗುತ್ತೆ.
ಒಂದು ಬೆರಳಷ್ಟು ಕೊಯ್ಯಿ" ಅಂದಳು.

ಯಾರ ಬೆರಳು? ಕೇಳಿದೆ.

"ನನ್ನದು. ಅಲ್ಲೇ ಬಿದ್ದಿದೆಯಲ್ಲ,
ಅಳೆದುಕೋ."